ನಾಳೆ ಒಂದು ದಿನ ಬರಬೇಡ

ನನ್ನ ತಮ್ಮನ ಮಗಳು ಶ್ವೇತಾಳಿಗೆ ಹೈಸ್ಕೂಲ್ ಮೇಡಂ ಕೆಲಸದ ಆದೇಶ ಬಂದಿದೆ. ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಹೋದ ಭಾನುವಾರ ಹೊಳಲಿನ ನಮ್ಮ ಮನೆಗೆ ಬಂದವಳು ಸಿಹಿ ಕೊಟ್ಟು, ಕಾಲಿಗೆ ಬಿದ್ದು, ಎದ್ದ ಕೂಡಲೇ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದಳು. ತರಬೇತಿಯಲ್ಲಿ ಕೊಟ್ಟ ಕೈಪಿಡಿಯಂತೆ. ಹೊಸ ಬೋಧನಾ ವಿಧಾನ, ಕಲಿಕಾ ಸ್ಥಳದ ವಿನ್ಯಾಸ, ಚಟುವಟಿಕೆ ಮೂಲೆ ಎಂದೆಲ್ಲ ಅಧ್ಯಾಯಗಳು, ನಡುನಡುವೆ ನಗುವ ಮಕ್ಕಳ ಬಣ್ಣದ ಚಿತ್ರಗಳು. "ಅತ್ತೆ, ನಿಮ್ಮ ಕಾಲದಲ್ಲಿ ಇವೆಲ್ಲ ಇತ್ತಾ?" ಅಂದಳು.

ಇತ್ತು ಕಣಮ್ಮ. ನನ್ನ ತಲೆಕೂದಲು ಅರ್ಧ ಬೆಳ್ಳಗಾದದ್ದೇ ಅವುಗಳಿಂದ. ಅವತ್ತು ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟಿದ್ದೆ, ಹೆಚ್ಚು ಹೇಳಲಾಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಶ್ವೇತಾಳಿಗೆ, ಮತ್ತು ಅವಳ ಜೊತೆ ಆದೇಶ ಹಿಡಿದುಕೊಂಡು ಹೊರಟಿರುವ ಅವಳ ಗೆಳತಿಯರಿಗೆ. ಕೈಪಿಡಿ ನಿಮ್ಮ ಹತ್ತಿರ ಇದ್ದೇ ಇದೆ. ಅದರಲ್ಲಿ ಇಲ್ಲದ್ದನ್ನು ಮಾತ್ರ ನಾನು ಹೇಳುತ್ತೇನೆ.

ನಾನು ಗಣಿತ, ವಿಜ್ಞಾನದ ಮೇಡಂ. ಮೊದಲು ಕೊತ್ತತ್ತಿ ಕಡೆಯ ಒಂದು ಶಾಲೆ, ಆಮೇಲೆ ಮದ್ದೂರು, ಕೊನೆಗೆ ಹಲಗೂರಿನಿಂದ ಒಳಕ್ಕೆ ಹೋಗಬೇಕಾದ ಒಂದು ಹಳ್ಳಿ. ಮೂರೂ ಕಡೆ ಸೇರಿ ಮೂವತ್ತೊಂದು ವರ್ಷ. ಆ ವರ್ಷಗಳಲ್ಲಿ ನನಗೆ ಬಡ್ತಿ ಸಿಕ್ಕಿತೋ ಇಲ್ಲವೋ ಎಂಬುದನ್ನು ನನ್ನ ಗಂಡನ ಮನೆಯವರು ಕೇಳಿ ಕೇಳಿ ಸುಸ್ತಾಗಿದ್ದಾರೆ, ಅದನ್ನು ಬಿಡೋಣ.

ಮೊದಲ ಶಾಲೆಯಲ್ಲಿ ನನಗೆ ಸಿಕ್ಕ ಬೋಧನೋಪಕರಣ ಎಂದರೆ ಒಂದು ಕರಿಹಲಗೆ. ಅದರ ಮಧ್ಯದಲ್ಲಿ ಒಂದು ತೂತು. ದಶಮಾಂಶದ ಚುಕ್ಕಿ ಇಡುವಾಗ ಆ ತೂತು ತಪ್ಪಿಸಿ ಇಡಬೇಕಿತ್ತು. ಒಂದು ದಿನ ಪುಸ್ತಕದಲ್ಲಿ ದೋಣಿ ಮತ್ತು ಹೊಳೆಯ ವೇಗದ ಲೆಕ್ಕ ಬಂತು. ಮಕ್ಕಳು ಮುಖ ಮುಖ ನೋಡಿಕೊಂಡರು. ನನಗೆ ಆಗ ಹುಮ್ಮಸ್ಸು ಜಾಸ್ತಿ, ಬುದ್ಧಿ ಕಡಿಮೆ. ಶಾಲೆಯ ಹಿಂದೆಯೇ ಕಾಲುವೆ ಹರಿಯುತ್ತಿತ್ತು. ಹಗ್ಗ, ಎಕ್ಕದ ಎಲೆ, ನನ್ನ ಕೈಗಡಿಯಾರ ತೆಗೆದುಕೊಂಡು ಒಂಬತ್ತನೇ ತರಗತಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಹಗ್ಗದ ಈ ತುದಿಯಿಂದ ಆ ತುದಿಗೆ ಎಲೆ ತೇಲಿ ಹೋಗಲು ಎಷ್ಟು ಹೊತ್ತು ಬೇಕು ಎಂದು ಅಳೆಯುವುದು ನನ್ನ ಪಾಠ.

ಒಂದು ಗುಂಪಿನ ಎಲೆ ಗಡಿಯಾರ ನೋಡುವಷ್ಟರಲ್ಲಿ ಓಡಿಹೋಗುತ್ತಿತ್ತು. ಅವರು ಜಾಣರು, ನೀರು ನಿಧಾನವಾಗಲಿ ಎಂದು ಕಾಲುವೆಗೆ ಅಡ್ಡಲಾಗಿ ಕಲ್ಲು ಜೋಡಿಸಿದರು. ನಾನು ಇನ್ನೊಂದು ಗುಂಪಿನ ಹತ್ತಿರ ಇದ್ದೆ, ನೋಡಲಿಲ್ಲ. ನೀರು ಬದು ಹಾದು ಪಕ್ಕದವರ ಕೊಯ್ದ ಗದ್ದೆಗೆ ನುಗ್ಗಿತು. ಅವತ್ತು ಕೆಳಗಡೆ ಸಿದ್ದೇಗೌಡ ಎಂಬವರ ಕಬ್ಬಿಗೆ ನೀರಿನ ಪಾಳಿ. ಪಾಳಿಯ ಹೊತ್ತಿನಲ್ಲಿ ನೀರು ನಿಂತರೆ ನಮ್ಮ ಕಡೆ ಜನ ಏನಾಗುತ್ತಾರೆ ಎಂದು ಗೊತ್ತಲ್ಲ. ಅವರು ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಬದುವಿನ ಮೇಲೇ ಬಂದರು.

"ಮೇಡಮ್ಮಾರೆ, ಲೆಕ್ಕ ಯೇಳ್ಕೊಡಿ, ಬ್ಯಾಡ ಅನ್ನಕಿಲ್ಲ. ನನ್ ಪಾಳೀಲಿ ನೀರು ನಿಲ್ಸುದ್ರೆ ಕಬ್ಬಿಗೆ ನಿಮ್ ಚಾಕ್‌ಪೀಸ್ ಆಕ್ಲಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಲ್ಲು ತೆಗೆಸಿದೆ, ತಪ್ಪಾಯಿತು ಅಂದೆ. ಅವರು ಹೋಗಲಿಲ್ಲ. ಒಬ್ಬ ಹುಡುಗನ ಪುಸ್ತಕ ಇಸಿದುಕೊಂಡು ನೋಡಿ, ಇಷ್ಟೇನಾ ಎಂದು ಕೇಳಿದರು. ಎಲೆ ಓಡಿದರೆ ಸಾಲದು, ಕಾಲುವೆ ಎಷ್ಟು ಅಗಲ ಇದೆ, ನೀರು ಎಷ್ಟು ಆಳ ಇದೆ ನೋಡದೆ ಎಷ್ಟು ನೀರು ಬಂತು ಎಂದು ಹೇಗೆ ಹೇಳುತ್ತೀರಿ ಎಂದು ಮಕ್ಕಳನ್ನೇ ಗದರಿದರು. ಗುದ್ದಲಿಯ ಹಿಡಿಯನ್ನು ನೀರಿಗಿಳಿಸಿ ಆಳ ತೋರಿಸಿದರು. ಅರ್ಧ ಗಂಟೆ ಪಾಠ ನಡೆಯಿತು, ಮಾಡಿದ್ದು ಅವರು. ಆ ವರ್ಷದ ಪರೀಕ್ಷೆಯಲ್ಲಿ ಗಾತ್ರದ ಲೆಕ್ಕವನ್ನು ಆ ತರಗತಿಯಲ್ಲಿ ತಪ್ಪು ಮಾಡಿದವರು ಕಡಿಮೆ.

ಹೆಡ್‌ಮೇಷ್ಟ್ರು ನನ್ನನ್ನು ಕರೆದು, ಅನುಮತಿ ಇಲ್ಲದೆ ಮಕ್ಕಳನ್ನು ಕಾಂಪೌಂಡ್ ದಾಟಿಸಿದ್ದಕ್ಕೆ ಲಿಖಿತ ಉತ್ತರ ಕೇಳಿದರು. ಕೊಟ್ಟೆ. ಅದು ಹೊಸ ಬೋಧನಾ ವಿಧಾನ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಯಾರೂ ಫೋಟೋ ತೆಗೆದಿರಲಿಲ್ಲ.

ಮದ್ದೂರಿಗೆ ಬಂದ ಮೇಲೆ ತರಬೇತಿಗಳು ಶುರುವಾದವು. ಅದೇನು ತರಬೇತಿಗಳೋ. ಒಂದು ಸಲ ಮೂರು ದಿನ ಕೂರಿಸಿದರು. ಸಂಪನ್ಮೂಲ ವ್ಯಕ್ತಿಯೊಬ್ಬರು ಪರದೆಯ ಮೇಲೆ ಬಂದದ್ದನ್ನು ಬೆಳಗಿನಿಂದ ಸಂಜೆಯವರೆಗೆ ಒಂದಕ್ಷರ ಬಿಡದೆ ಓದಿದರು. ಶಿಕ್ಷಕರು ತರಗತಿಯಲ್ಲಿ ಉದ್ದುದ್ದ ಉಪನ್ಯಾಸ ಮಾಡಬಾರದು, ಕೇಳುವವರನ್ನು ಸುಮ್ಮನೆ ಕೂರಿಸಬಾರದು ಎಂಬುದು ಅವರು ಮೂರು ದಿನವೂ ಓದಿದ ವಿಷಯ. ನಾವು ಸುಮ್ಮನೆ ಕೂತು ಕೇಳಿದೆವು. ನಡುವೆ ಟೀ ಬಂತು, ವಡೆ ಬಂತು. ನಾನು ಒಂದು ಪ್ರಶ್ನೆ ಕೇಳಲು ಕೈ ಎತ್ತಿದರೆ, ಸಮಯ ಇಲ್ಲ ಮೇಡಂ ಕೊನೆಯಲ್ಲಿ ಕೇಳಿ ಅಂದರು. ಕೊನೆಯಲ್ಲಿ ಎಲ್ಲರೂ ಬಸ್ಸು ಹಿಡಿಯಲು ಓಡಿದರು.

ಆಮೇಲೆ ಒಂದು ಸುತ್ತೋಲೆ ಬಂತು. ಬೆಂಚುಗಳನ್ನು ಸಾಲಾಗಿ ಇಡಕೂಡದು, ಯು ಆಕಾರದಲ್ಲಿ ಇಡಬೇಕು, ಶಿಕ್ಷಕರು ನಡುವೆ ಓಡಾಡಬೇಕು. ಒಳ್ಳೆಯ ವಿಚಾರವೇ. ನಮ್ಮ ತರಗತಿಯಲ್ಲಿ ಐವತ್ತೆರಡು ಮಕ್ಕಳು, ಕೊಠಡಿ ಇಷ್ಟಗಲ. ಯು ಮಾಡಿದಾಗ ಅದರ ಒಂದು ಕಾಲು ಬಾಗಿಲು ದಾಟಿ ಜಗಲಿಗೆ ಹೋಯಿತು. ನಾಲ್ಕು ಜನ ಹೊರಗೆ ಬಿಸಿಲಲ್ಲಿ ಕೂತು ಕಿಟಕಿಯಿಂದ ಪಾಠ ಕೇಳಿದರು. ನಾನು ನಡುವೆ ಓಡಾಡಲು ಹೋಗಿ ಸೀರೆ ಬೆಂಚಿನ ಮೊಳೆಗೆ ಸಿಕ್ಕಿ ಹರಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಬೇರೆ ಅಧಿಕಾರಿ ಬಂದರು, ಬೆಂಚು ಯಾಕೆ ಅಡ್ಡಾದಿಡ್ಡಿ ಇವೆ ಎಂದು ಬೈದರು. ಮತ್ತೆ ಸಾಲು ಮಾಡಿದೆವು. ಹೆಸರುಗಳು ಬದಲಾಗುತ್ತಲೇ ಇದ್ದವು. ನಾನು ಕೊನೆಕೊನೆಗೆ ಹೆಸರು ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟೆ.

ಈಗ ಹಲಗೂರಿನಾಚೆಯ ಶಾಲೆಗೆ ಬರುತ್ತೇನೆ. ಇಷ್ಟು ಹೊತ್ತು ಬೇರೆಯವರನ್ನು ಬೈದೆನಲ್ಲ, ಇನ್ನು ನನ್ನ ಸರದಿ.

ಅಲ್ಲಿಗೆ ನಾನು ಹೋದ ಮರುವರ್ಷ ಒಬ್ಬ ದಾನಿಗಳು ಒಂದು ಕಲಿಕಾ ಕೊಠಡಿ ಮಾಡಿಸಿಕೊಟ್ಟರು. ಹಳೆಯ ಖಾಲಿ ಕೊಠಡಿಗೆ ಟೈಲ್ಸು, ದುಂಡು ಮೇಜುಗಳು, ಹಳದಿ ಕೆಂಪು ಕುರ್ಚಿಗಳು, ನೆಲಕ್ಕೆ ಚಾಪೆ, ಮೇಲೆ ಪ್ರೊಜೆಕ್ಟರು. ಗೋಡೆಗೆ ಸೌರಮಂಡಲ. ಬರೆದವನು ಮದ್ದೂರಿನಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂಭಾಗ ಬರೆಯುವ ಪೇಂಟರ್. ಕೈ ಚೆನ್ನಾಗಿತ್ತು. ಅವನು ಮುಗಿಸಿ ಡಬ್ಬಿ ತೊಳೆಯುತ್ತಿದ್ದಾಗ ನಾನು ಹೋಗಿ ನೋಡಿದೆ. ಗೋಡೆಯ ಮೇಲೆ ಎರಡು ಶನಿ ಗ್ರಹ. ಒಂದು ಅದರ ಜಾಗದಲ್ಲಿ, ಇನ್ನೊಂದು ಕೊನೆಯಲ್ಲಿ, ನೆಪ್ಚೂನ್ ಪಕ್ಕ. ಕೇಳಿದರೆ, ಕೊನೆಯಲ್ಲಿ ಜಾಗ ಮಿಕ್ಕಿತ್ತು, ಬಳೆ ಇರೋದು ಚೆಂದ ಬಂದಿತ್ತು, ಅದಕ್ಕೇ ಇನ್ನೊಂದು ಬರೆದೆ ಎಂದು ಹೇಳಿ ನಕ್ಕ.

ನಾನು ಹೆಡ್‌ಮೇಷ್ಟ್ರು ಚನ್ನಪ್ಪನವರ ಹತ್ತಿರ ಓಡಿದೆ. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯವರೇ, ಆದರೆ ಮೇಲಿನಿಂದ ಬರುವ ಫೋನಿಗೆ ಎದ್ದು ನಿಂತು ಮಾತಾಡುವವರು. ಅವರು ತಲೆ ಕೆರೆದುಕೊಂಡರು. ಫೋಟೋ ಆಗಲೇ ಕಳಿಸಿಬಿಟ್ಟಿದ್ದೇನೆ ಮೇಡಂ, ಈಗ ಗೋಡೆ ಬದಲಾಯಿಸಿದರೆ ಫೋಟೋ ಒಂದು ಥರ ಗೋಡೆ ಒಂದು ಥರ ಆಗುತ್ತೆ, ಆಮೇಲೆ ಪ್ರಶ್ನೆ ಬರುತ್ತೆ ಅಂದರು. ಹೀಗಾಗಿ ನಮ್ಮ ಶಾಲೆಯಲ್ಲಿ ಸೂರ್ಯನಿಗೆ ಒಂಬತ್ತು ಗ್ರಹಗಳು ಖಾಯಂ ಆದವು. ಅವುಗಳಲ್ಲಿ ಎರಡು ಶನಿ.

ಅದಾದ ಮೇಲೆ ಕೊಠಡಿಗೆ ಬೀಗ ಬಿತ್ತು. ಮಕ್ಕಳು ಬಂದರೆ ಚಾಪೆ ಕೊಳೆಯಾಗುತ್ತದೆ, ಕುರ್ಚಿ ಮುರಿಯುತ್ತದೆ, ಯಾರಾದರೂ ನೋಡಲು ಬಂದಾಗ ಹೊಸದಾಗಿ ಕಾಣಬೇಕು. ಕೀಲಿ ಚನ್ನಪ್ಪನವರ ಮೇಜಿನ ಡ್ರಾಯರಿನಲ್ಲಿ. ಮಕ್ಕಳು ಮಾತ್ರ ಹಳೆಯ ಕೊಠಡಿಯಲ್ಲೇ, ಹಂಚಿನ ಸಂದಿಯಿಂದ ಬೀಳುವ ಬಿಸಿಲಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿಯರು ಆ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಕುರ್ಚಿಗಳನ್ನು ನೋಡುತ್ತಿದ್ದರು. ಎರಡು ಮೂರು ಸಲ ಜಗಳವಾಡಿದೆ, ಆಮೇಲೆ ಸುಮ್ಮನಾದೆ. ಸುಮ್ಮನಾಗುವುದು ನಮ್ಮ ಕೆಲಸದಲ್ಲಿ ಬಹಳ ಬೇಗ ರೂಢಿಯಾಗುತ್ತದೆ ಶ್ವೇತಾ, ಅದನ್ನು ನೋಡಿಕೋ.

ಹೀಗೇ ಸುಮಾರು ಎರಡು ವರ್ಷ ಕಳೆಯುವಾಗ ಜಿಲ್ಲೆಯಿಂದ ಒಂದು ತಂಡ ಬರುವುದೆಂದು ಸುದ್ದಿ ಬಂತು. ಹೊಸ ವಿಧಾನದಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ನೋಡುತ್ತಾರಂತೆ. ಹತ್ತನೇ ತರಗತಿ, ವಿಜ್ಞಾನ, ಅಂದರೆ ನಾನು. ಒಂದು ವಾರ ಹಳೆಯ ಕೊಠಡಿಯಲ್ಲೇ ತಾಲೀಮು. ಮಸೂರದ ಪಾಠ. ಯಾವ ಹುಡುಗ ಯಾವ ಪ್ರಶ್ನೆ ಕೇಳಬೇಕು, ಯಾವ ಹುಡುಗಿ ಉತ್ತರ ಹೇಳಬೇಕು, ನಾನು ಎಲ್ಲಿ ಆಶ್ಚರ್ಯಪಡಬೇಕು, ಎಲ್ಲ ಬರೆದು ಕಲಿಸಿದೆ. ಅಲ್ಲಿ ಹೋದಾಗ ಸೌರಮಂಡಲದ ಗೋಡೆ ಕಡೆ ಮಾತ್ರ ನೋಡಬೇಡಿ ಎಂದೂ ಹೇಳಿಕೊಟ್ಟೆ. ಸಿದ್ದೇಗೌಡರ ಕಾಲುವೆಯ ಹತ್ತಿರ ನಿಂತಿದ್ದ ಮೇಡಮ್ಮು ಎಲ್ಲಿಗೆ ಬಂದು ನಿಂತಿದ್ದಳು ನೋಡು.

ತಂಡ ಬರುವ ಹಿಂದಿನ ದಿನ ಚನ್ನಪ್ಪನವರು ಒಂದು ಚೀಟಿ ತಂದುಕೊಟ್ಟರು. ಓದಿನಲ್ಲಿ ಹಿಂದಿದ್ದ ಆರು ಮಕ್ಕಳ ಹೆಸರು. ಈ ರೂಢಿ ನಮ್ಮಲ್ಲಿ ಹಳೆಯದು, ಎಲ್ಲ ಕಡೆ ಇತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾಹೇಬರು ಬರುವ ದಿನ ಇಂಥ ಮಕ್ಕಳಿಗೆ ಮನೆಯಲ್ಲಿರಲು ಹೇಳುತ್ತಾರೆ. ಹಾಜರಿ ಕಡಿಮೆ ಕಾಣಬಾರದಲ್ಲ, ಅದಕ್ಕೆ ಎಂಟನೇ ತರಗತಿಯಿಂದ ಚುರುಕಾದ ಆರು ಜನರನ್ನು ತಂದು ಅವರ ಕುರ್ಚಿಯಲ್ಲಿ ಕೂರಿಸುತ್ತಾರೆ. ಹೆಸರು ಕರೆದಾಗ ಅವರೇ ಓಗೊಡುತ್ತಾರೆ.

ಆ ಆರರಲ್ಲಿ ಒಬ್ಬಳು ಪವಿತ್ರ. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುವಳು. ಅಪ್ಪ ಇಲ್ಲ. ತಾಯಿ ಜಯಮ್ಮ ಮದ್ದೂರಿನ ಕಡೆ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ಬೆಳಗಿನ ಜಾವದ ಫ್ಯಾಕ್ಟರಿ ಬಸ್ಸಿಗೆ. ನಾನು ಪವಿತ್ರಳನ್ನು ಜಗಲಿಗೆ ಕರೆದೆ. ನಾಳೆ ಒಂದು ದಿನ ಬರಬೇಡ ಕಣಮ್ಮ, ಮನೆಯಲ್ಲೇ ಓದಿಕೋ ಅಂದೆ. ಇದನ್ನು ನನಗೆ ಯಾರೂ ಬಲವಂತ ಮಾಡಿ ಹೇಳಿಸಲಿಲ್ಲ. ಚೀಟಿ ಅವರದು, ಮಾತು ನನ್ನದು. ಅವಳು ಸರಿ ಮೇಡಂ ಅಂದು ಹೋದಳು.

ತಂಡ ಬಂತು. ಪಾಠ ನಾಟಕದ ಹಾಗೆ ನಡೆಯಿತು. ಹಾಜರಿ ಕರೆದಾಗ ಪವಿತ್ರ ಎಂಬ ಹೆಸರಿಗೆ ಎಂಟನೇ ತರಗತಿಯ ಒಬ್ಬ ಹುಡುಗಿ ಯೆಸ್ ಮೇಡಂ ಅಂದಳು. ಬಂದವರು ಮೂರು ಜನ, ಮೂವರೂ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬರ ತಲೆಯ ಮೇಲೆ ಒಂದು ಶನಿ, ಇನ್ನೊಬ್ಬರ ತಲೆಯ ಮೇಲೆ ಇನ್ನೊಂದು. ಯಾರಿಗೂ ಕಾಣಲಿಲ್ಲ. ಮಾದರಿ ಕೊಠಡಿ ಎಂದು ಬರೆದು ಹೋದರು. ಬೀಗ ಮತ್ತೆ ಬಿತ್ತು.

ಮರುದಿನ ಐದು ಮಕ್ಕಳು ವಾಪಸು ಬಂದರು. ಪವಿತ್ರ ಬರಲಿಲ್ಲ. ಜ್ವರ ಇರಬಹುದು ಅಂದುಕೊಂಡೆ. ಒಂದು ವಾರ ಆಯಿತು. ಹತ್ತನೇ ತರಗತಿ, ಪರೀಕ್ಷೆಗೆ ಹೆಸರು ಕಳಿಸುವ ಸಮಯ ಹತ್ತಿರ ಬರುತ್ತಿತ್ತು. ಈ ಹೊತ್ತಿನಲ್ಲಿ ಬಿಟ್ಟ ಹೆಣ್ಣುಮಕ್ಕಳು ಮತ್ತೆ ಬರುವುದು ಬಹಳ ಅಪರೂಪ, ಅದನ್ನು ನಾನು ಎಷ್ಟು ಸಲ ನೋಡಿದ್ದೆ. ಕೊನೆಗೆ ಆ ಎಂಟನೇ ತರಗತಿಯ ಹುಡುಗಿಯನ್ನೇ ಕೇಳಿದೆ. ಇಬ್ಬರದೂ ಒಂದೇ ಬೀದಿ. ಅವಳು ಹಿಂಜರಿಯುತ್ತ ಹೇಳಿದಳು. ಅವತ್ತು ಸಂಜೆಯೇ ಮನೆಗೆ ಹೋಗಿ ಖುಷಿಯಲ್ಲಿ, ನಾನು ಇವತ್ತು ನೀನಾಗಿದ್ದೆ ಕಣೇ ಎಂದು ಪವಿತ್ರಳಿಗೆ ಎಲ್ಲ ಹೇಳಿದ್ದಳಂತೆ.



ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಊರಿಗೆ ಹೋದೆ. ಜಯಮ್ಮನವರು ಅವತ್ತು ರಜೆ ಹಾಕಿ ಮನೆಯಲ್ಲೇ ಇದ್ದರು. ಪಕ್ಕದಲ್ಲೇ ಇದ್ದ ಅವರ ಅಣ್ಣನ ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರು, ಪವಿತ್ರ ಅಲ್ಲಿ ಹುಳುವಿನ ಮನೆಯೊಳಗೆ ಇದ್ದಳು. ಶಾಲೆ ಬಿಟ್ಟಂದಿನಿಂದ ಸೊಪ್ಪು ಕೊಯ್ಯುವುದು, ಹಾಕುವುದು ಅವಳ ಕೆಲಸ. ನಾನು ಒಳಗೆ ಹೋಗಲು ಕಾಲಿಟ್ಟರೆ, ಚಪ್ಪಲಿ ಬಿಟ್ಟು ಕೈ ತೊಳೆದು ಬನ್ನಿ ಮೇಡಂ ಎಂದಳು. ಒಂದು ವರ್ಷದಲ್ಲಿ ಅವಳು ನನಗೆ ಹೇಳಿದ ಅತಿ ಉದ್ದನೆಯ ಮಾತು ಅದೇ.

ತಟ್ಟೆಗಳಲ್ಲಿ ಹುಳುಗಳು ಅಲುಗಾಡದೆ ತಲೆ ಎತ್ತಿ ಕೂತಿದ್ದವು. ಏನು ಮಾತಾಡಬೇಕೋ ತಿಳಿಯದೆ, ಯಾಕೆ ಸೊಪ್ಪು ಹಾಕಿಲ್ಲ ಎಂದು ಕೇಳಿದೆ. ಜ್ವರಕ್ಕೆ ಕೂತಿವೆ ಎಂದಳು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಅಲ್ಲೊಂದು ಇಲ್ಲೊಂದು ಹುಳ ಆಗಲೇ ಪೊರೆ ಬಿಟ್ಟು ಎದ್ದು ಹರಿದಾಡುತ್ತಿತ್ತು. ಎದ್ದವಕ್ಕಾದರೂ ಹಾಕಬಹುದಲ್ಲ, ಪಾಪ ಹಸಿದಿವೆ ಅಂದೆ. ನಾನು ವಿಜ್ಞಾನದ ಮೇಡಂ, ಅದನ್ನು ನೆನಪಿಡು.

"ಅಂಗೆ ಆಕಕಿಲ್ಲ ಮೇಡಂ. ಎಲ್ಲಾ ಏಳಗಂಟ ಕಾಯ್ಬೇಕು. ಮೊದ್ಲು ಎದ್ದೋವ್ಕೇ ಆಕ್ಬುಟ್ರೆ ಹಿಂದ್ ಬಿದ್ದೋವು ಹಿಂದೇ ಉಳ್ಕತವೆ."

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಹುಳುವಿನ ವಿಷಯ ಕೇಳಿದೆ, ಹುಳುವಿನ ವಿಷಯ ಹೇಳಿದಳು. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ಇಷ್ಟು ವರ್ಷ ತರಬೇತಿಗಳಲ್ಲಿ ಕೂತವಳಿಗೆ ಇನ್ನು ಕೇಳಲು ಏನೂ ಉಳಿದಿಲ್ಲ ಅನ್ನಿಸಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು, ಎರಡೂ ನನ್ನ ಮೇಲೇ.

ಹೊರಗೆ ಬಂದು ಜಯಮ್ಮನವರಿಗೆ ಮಗಳನ್ನು ಕಳಿಸಿ ಎಂದು ಕೇಳಿದೆ. ಅವರು ಕಾಫಿ ಲೋಟ ಕೈಗೆ ಕೊಟ್ಟು, ಎದುರಿಗೆ ಕೂತು, ಯಾವ ಎತ್ತರದ ದನಿಯೂ ಇಲ್ಲದೆ ಕೇಳಿದರು.

"ಬರ್ಬ್ಯಾಡ ಅಂದೋರು ನೀವೇ. ಈಗ ಬಾ ಅನ್ನೋರೂ ನೀವೇ. ನಾಳಿಕ್ಕೆ ಇನ್ಯಾರೋ ಸಾಯೇಬ್ರು ಬಂದ್ರೆ ಏನ್ ಮಾಡೀರಿ? ನನ್ ಮಗ್ಳು ಎಸ್ರಿಗೆ ಇನ್ಯಾರ್ನ ಕೂರ್ಸೀರಿ?"

ತಪ್ಪಾಯಿತು ಅಂದೆ. ಇನ್ನು ಮೇಲೆ ಯಾರೇ ಬರಲಿ, ಪವಿತ್ರಳ ಕುರ್ಚಿಯಲ್ಲಿ ಪವಿತ್ರಳೇ ಕೂರುತ್ತಾಳೆ, ಇಲ್ಲದಿದ್ದರೆ ನಾನೂ ಆ ಕೊಠಡಿಯೊಳಗೆ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟೆ. ಬಾಗಿಲ ಮರೆಯಲ್ಲಿ ಪವಿತ್ರ ನಿಂತಿದ್ದಳು. ಹುಳ ಗೂಡು ಕಟ್ಟಿದ ಮೇಲೆ ಬರುತ್ತೇನೆ ಎಂದು ಅಲ್ಲಿಂದಲೇ ಹೇಳಿದಳು. ಹತ್ತು ಹನ್ನೆರಡು ದಿನ ಆಯಿತು. ದಿನಾ ಬೆಳಿಗ್ಗೆ ಗೇಟಿನ ಕಡೆ ನೋಡಿ ನೋಡಿ ನನ್ನ ಕತ್ತು ನೋಯುತ್ತಿತ್ತು. ಒಂದು ಸೋಮವಾರ ಬಂದಳು, ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು. ಪರೀಕ್ಷೆಗೆ ಹೆಸರು ಕಳಿಸಲು ಇನ್ನು ಮೂರೇ ದಿನ ಉಳಿದಿತ್ತು.

ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ, ನೀನು ಅದನ್ನೇ ಮೊದಲು ಕೇಳುವವಳು. ಪಾಸಾದಳು. ವಿಜ್ಞಾನದಲ್ಲಿ ಅಂಚಿನಲ್ಲಿ, ಕನ್ನಡದಲ್ಲಿ ಚೆನ್ನಾಗಿ. ಆದರೆ ನನ್ನ ಮಟ್ಟಿಗೆ ಪರೀಕ್ಷೆ ಅದಕ್ಕೂ ಮೊದಲೇ ನಡೆದಿತ್ತು.

ಅವಳು ಬಂದು ಒಂದೂವರೆ ತಿಂಗಳಾಗಿತ್ತು. ಮಾದರಿ ಕೊಠಡಿಯ ಹೆಸರು ಕೇಳಿ ಮೇಲಿನ ಅಧಿಕಾರಿಗಳು ಇನ್ನೊಂದು ತಂಡದೊಂದಿಗೆ ಬರುತ್ತಾರೆ ಎಂದು ಫೋನು ಬಂತು. ಚನ್ನಪ್ಪನವರು ಎದ್ದು ನಿಂತು ಮಾತಾಡಿ, ಕೂತು ಚೀಟಿ ಬರೆದರು. ಅದೇ ಆರು ಹೆಸರು. ನಾನು ಚೀಟಿ ಮುಟ್ಟಲಿಲ್ಲ. ಎಲ್ಲರೂ ಬರುತ್ತಾರೆ, ಯಾರಿಗೂ ಏನನ್ನೂ ಬಾಯಿಪಾಠ ಮಾಡಿಸುವುದಿಲ್ಲ, ಬೇಕಾದರೆ ಬೇರೆಯವರಿಂದ ಪಾಠ ಮಾಡಿಸಿ ಅಂದೆ. ಅವರಿಗೆ ಕಣ್ಣು ಕೆಂಪಾಯಿತು.

"ನಿಮಗೇನು ಮೇಡಂ, ಇನ್ನೆರಡು ವರ್ಷಕ್ಕೆ ಮನೆಗೆ ಹೋಗ್ತೀರಿ. ನಾನು ಇನ್ನೂ ಹನ್ನೆರಡು ವರ್ಷ ಇವರ ಕೈಕೆಳಗೆ ಇರಬೇಕು."

ಆ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಅವರ ಮೇಲೆ ಪೂರ್ತಿ ಸಿಟ್ಟು ಮಾಡಲಾಗಲಿಲ್ಲ. ಏನಾದರೂ ಆದರೆ ನನ್ನ ಜವಾಬ್ದಾರಿ ಎಂದು ಬರೆದುಕೊಡುತ್ತೇನೆ ಅಂದೆ. ಬರೆಸಿಕೊಂಡರು. ಈ ವಿಷಯದಲ್ಲಿ ಅವರು ಯಾವತ್ತೂ ಸಂಕೋಚಪಟ್ಟವರಲ್ಲ.

ತಂಡ ಬರುವ ದಿನ ಬೀಗ ತೆಗೆದರು. ಆ ಆರು ಮಕ್ಕಳು ಆ ಕೊಠಡಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಕಳಿಸಿದೆ. ಪವಿತ್ರ ಕೆಂಪು ಕುರ್ಚಿಯಲ್ಲಿ ಕೂತು, ಅದರ ಅಂಚನ್ನು ಕೈಯಿಂದ ಸವರಿ, ತಲೆ ಎತ್ತಿ ಗೋಡೆ ನೋಡಿದಳು. ಆಮೇಲೆ ಅವಳ ಕಣ್ಣು ಅಲ್ಲಿಂದ ಇಳಿಯಲೇ ಇಲ್ಲ. ಗೋಡೆ ನೋಡಬೇಡ ಎಂದು ಈ ಸಲ ನಾನು ಯಾರಿಗೂ ಹೇಳಿರಲಿಲ್ಲ. ಹಾಜರಿ ಕರೆದೆ. ಪವಿತ್ರ ಎಂದಾಗ ಸ್ವಲ್ಪ ತಡವಾಗಿ, ಸಣ್ಣ ದನಿಯಲ್ಲಿ, ಪವಿತ್ರಳೇ ಓಗೊಟ್ಟಳು.

ಬಂದವರಲ್ಲಿ ಹಿರಿಯ ಅಧಿಕಾರಿಗಳು ಹಿಂದಿನ ಕುರ್ಚಿಯಲ್ಲಿ ಕೂತರು. ನಾನು ಮಸೂರದ ಪಾಠ ಶುರು ಮಾಡಿದೆ. ಅಭ್ಯಾಸ ಮಾಡಿಸದ ಪಾಠ, ಅಲ್ಲಲ್ಲಿ ಎಡವುತ್ತಿತ್ತು. ಐದು ನಿಮಿಷ ಆಗಿರಬೇಕು, ಅವರು ಕೈ ಎತ್ತಿ ನಿಲ್ಲಿಸಿದರು. ಪಾಠ ಅಲ್ಲಿ ನಡೀತಿದೆ, ನೀನು ಗೋಡೆ ನೋಡ್ತಿದ್ದೀಯಲ್ಲಮ್ಮ, ಏನಿದೆ ಅಲ್ಲಿ ಎಂದು ಪವಿತ್ರಳನ್ನು ಕೇಳಿದರು.

ಅವಳು ಎದ್ದು ನಿಂತಳು. ನೆಲ ನೋಡಿದಳು. ಇವತ್ತು ಇವಳಿಗೆ ಇಷ್ಟು ಜನರ ಮುಂದೆ ಅವಮಾನವಾದರೆ ನಾಳೆ ಬರುವುದಿಲ್ಲ, ಕರೆಯಲು ನನಗೆ ಮುಖವೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಚನ್ನಪ್ಪನವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವಳು ಮೆಲ್ಲಗೆ ತಲೆ ಎತ್ತಿದಳು.

"ಸನಿ ಎರಡವೆ ಸಾ. ಪುಸ್ತಕದಲ್ಲಿ ಒಂದೇ ಅದೆ. ಯಾವ್ದು ದಿಟ ಅಂತ ನಂಗೊತ್ತಿಲ್ಲ. ಯೇಳ್ಕೊಡಿ."

ಬಂದವರೆಲ್ಲ ಗೋಡೆಯ ಕಡೆ ತಿರುಗಿದರು. ಒಬ್ಬರು ಬೆರಳಲ್ಲಿ ಒಂದು, ಎರಡು ಎಂದು ಎಣಿಸಿದರು. ಹಿರಿಯ ಅಧಿಕಾರಿಗಳು ನನ್ನ ಕಡೆ ತಿರುಗಿ, ನೀವು ಇದನ್ನು ನೋಡಿರಲಿಲ್ಲವಾ ಎಂದು ಕೇಳಿದರು.

"ನೋಡಿದ್ದೆ ಸಾರ್. ಎರಡು ವರ್ಷದಿಂದ ನೋಡ್ತಾನೇ ಇದ್ದೀನಿ."

ಅವರು ಪವಿತ್ರಳ ಕಡೆ ತಿರುಗಿದರು. ಸರಿ, ನಿಮ್ಮ ಮೇಡಂ ಹೇಳಿಕೊಡುತ್ತಾರಮ್ಮ ಎಂದು ಎದ್ದರು. ಹೆಡ್‌ಮೇಷ್ಟ್ರ ಕೊಠಡಿಯಲ್ಲಿ ಹಲಗೂರಿನಿಂದ ತರಿಸಿದ ಊಟ ಆರುತ್ತಿತ್ತು. ತಂಡ ಹೊರಟಿತು, ಚನ್ನಪ್ಪನವರು ಅವರ ಹಿಂದೆ ಓಡಿದರು. ಸಂದರ್ಶಕರ ಪುಸ್ತಕದಲ್ಲಿ ಮಕ್ಕಳ ಪೂರ್ವಸಿದ್ಧತೆ ಸಾಲದು ಎಂದು ಬರೆದು ಹೋಗಿದ್ದರು, ಅದು ಸಂಜೆ ಗೊತ್ತಾಯಿತು. ಎರಡನೇ ಶನಿಯ ವಿಷಯ ಬರೆದಿರಲಿಲ್ಲ.

ಅವರು ಹೋದ ಮೇಲೆ ನಾನು ಪ್ರೊಜೆಕ್ಟರು ಆರಿಸಿದೆ. ಪವಿತ್ರ ಇನ್ನೂ ನಿಂತೇ ಇದ್ದಳು, ಉತ್ತರಕ್ಕೆ ಕಾಯುತ್ತ. ನಾನು ಉತ್ತರ ಹೇಳಲಿಲ್ಲ. ಯಾವುದು ಹೆಚ್ಚಿನದು ಎಂದು ಹೇಗೆ ಕಂಡುಹಿಡಿಯುತ್ತೀಯ ಎಂದು ಕೇಳಿದೆ. ಅವಳು ಗೋಡೆಯ ಹತ್ತಿರ ಹೋಗಿ ಸೂರ್ಯನ ಮೇಲೆ ಬೆರಳಿಟ್ಟು ಒಂದೊಂದೇ ಗ್ರಹ ದಾಟತೊಡಗಿದಳು. ಹಿಂದಿನ ಮೇಜಿನ ಹುಡುಗನೊಬ್ಬ ಹೊರಗೆ ಓಡಿ ಹಳೆಯ ಕೊಠಡಿಯಿಂದ ಪುಸ್ತಕ ತಂದ, ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ. ಅವನ ಹಿಂದೆ ಇನ್ನು ನಾಲ್ಕು ಜನ. ಅದಲ್ಲ ಕಣ್ಲಾ, ಇದು ಅಂತ ಜಗಳ ಶುರುವಾಯಿತು. ನಲವತ್ತು ಮಕ್ಕಳು ಒಂದು ಗೋಡೆಯ ಮುಂದೆ ತಳ್ಳಾಡುತ್ತಿದ್ದರು, ಚಾಪೆಯ ಮೇಲೆಲ್ಲ ಕೆಮ್ಮಣ್ಣು. ಕೊನೆಯ ಶನಿಯ ಮೇಲೆ ಪವಿತ್ರ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದು ನನ್ನ ಮುಖ ನೋಡಿದಳು. ಸರಿ ಅಂದೆ.

ಆ ಕೊಠಡಿ ಉದ್ಘಾಟನೆಯಾಗಿ ಎರಡು ವರ್ಷವಾಗಿತ್ತು. ಅಲ್ಲಿ ನಾನು ಮಾಡಿದ ಮೊದಲ ಪಾಠ ಅದು.